ಸೊನ್ನೆ ಗೋದಾಮಿನ ಬಿಸಿನೀರು

ಏಪ್ರಿಲ್ ತಿಂಗಳ ಮಧ್ಯಾಹ್ನ, ನಾಯಿಗಳೂ ನೆರಳು ಬಿಟ್ಟು ಕದಲದ ಹೊತ್ತಿನಲ್ಲಿ, ಮೈಕಿನ ಮುಂದೆ ಕೂತು ‘ದಯವಿಟ್ಟು ಎಲ್ಲರೂ ಬಿಸಿನೀರಿನ ಸ್ನಾನ ಮಾಡಬೇಕು’ ಎಂದು ಒಂದಿಡೀ ಕಾಲೊನಿಯನ್ನು ಬೇಡಿಕೊಳ್ಳುವುದು ನನ್ನ ಉದ್ಯೋಗವಾಗಿತ್ತು. ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ. ನಗಲಿ. ಮೊದಲ ವರ್ಷ ನಾನೂ ನಕ್ಕಿದ್ದೆ. ಮೂರನೆಯ ವರ್ಷದ ಹೊತ್ತಿಗೆ ನಗುವುದೂ ಬೇಸರವಾಗಿತ್ತು.

ನನ್ನ ಹೆಸರು ಗದಿಗೆಪ್ಪ. ಬ್ಯಾಡಗಿಯ ಹೊರಗೆ ಹೆದ್ದಾರಿಯ ಮಗ್ಗುಲಿಗಿರುವ ಸೊನ್ನೆ ಗೋದಾಮಿನ ಕಂಟ್ರೋಲ್ ರೂಮಿನಲ್ಲಿ ಹಗಲು ಪಾಳಿಯವನು. ಗೋದಾಮಿಗೆ ಬೋರ್ಡಿನ ಮೇಲೆ ಉದ್ದನೆಯ ಹೆಸರೊಂದಿದೆ, ಅದನ್ನು ಯಾರೂ ಪೂರ್ತಿ ಓದಿದ್ದನ್ನು ನಾನು ಕಂಡಿಲ್ಲ. ಸೊನ್ನೆ ಕಾಯ್ದೆ ಬಂದ ಮೇಲೆ ಕಟ್ಟಿದ್ದು, ಆದ್ದರಿಂದ ಸೊನ್ನೆ ಗೋದಾಮು. ಆ ಕಾಯ್ದೆಯ ಪ್ರಕಾರ, ಸರಕು ಇಡುವ ಯಾವ ಗೋದಾಮೇ ಆಗಲಿ, ತಾನು ಗಾಳಿಗೆ ಎಷ್ಟು ಹೊಗೆ ಬಿಟ್ಟಿತೋ ಅಷ್ಟು ಹೊಗೆಯನ್ನು ಬೇರೆ ಕಡೆ ಉಳಿಸಿರಬೇಕು. ತಿಂಗಳ ಕೊನೆಗೆ ಕೂಡಿ ಕಳೆದು ಸೊನ್ನೆ ಬರಬೇಕು. ಬರದಿದ್ದರೆ ಬಾಗಿಲುಗಳು ತಾವೇ ಬೀಗ ಹಾಕಿಕೊಂಡು ಮುಂದಿನ ಇಡೀ ತಿಂಗಳು ತೆರೆಯುವುದಿಲ್ಲ. ಒಳಗೆ ತಂಪು ಇರುತ್ತದೆ, ಮೆಣಸಿನಕಾಯಿ ಕೆಡುವುದಿಲ್ಲ. ಚೀಲಗಳು ಮಾತ್ರ ಒಳಗೂ ಹೋಗುವಂತಿಲ್ಲ, ಹೊರಗೂ ಬರುವಂತಿಲ್ಲ. ಅಂದರೆ ಹಮಾಲರ ಒಲೆ ಒಂದು ತಿಂಗಳು ತಣ್ಣಗೆ.

ಹಮಾಲರು ಇನ್ನೂ ಇದ್ದಾರೆಯೇ ಎಂದು ಕೇಳಬೇಡಿ. ಚೀಲ ಎತ್ತಲು ಯಂತ್ರದ ತೋಳುಗಳನ್ನು ತಂದಿದ್ದರು. ಅವು ಹಿಡಿದ ಹಿಡಿತಕ್ಕೆ ಒಳಗಿನ ಕಾಯಿ ಮುರಿದು ಬೀಜ ಉದುರಿ, ವ್ಯಾಪಾರಿಗಳು ಬಾಯಿ ಮಾಡಿದ ಮೇಲೆ ತೋಳುಗಳನ್ನು ಮೂಲೆಗೆ ನಿಲ್ಲಿಸಿ ಹಮಾಲರನ್ನೇ ಮರಳಿ ಕರೆದರು. ಅವರಿಗಾಗಿ ಗೋದಾಮಿನ ಹಿಂದೆ ಸಾಲು ಸಾಲಾಗಿ ಮನೆ ಕಟ್ಟಿಕೊಟ್ಟರು. ನನಗೂ ಅಲ್ಲೇ ನಾಲ್ಕನೆಯ ಸಾಲಿನಲ್ಲಿ ಒಂದು ಮನೆ.

ಈ ಗೋದಾಮನ್ನು ಯೋಚಿಸಿ ಕಟ್ಟಿಸಿದವರು ಇಂಚರಾ ಮೇಡಂ. ಮೈಸೂರಿನ ಕಡೆಯವರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಮಾತು ಕಡಿಮೆ, ಚಹಾ ಜಾಸ್ತಿ. ಮೊದಲ ದಿನ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ತಂಪು ಎನ್ನುವುದು ಎಲ್ಲಿಂದಲೋ ತರುವ ವಸ್ತುವಲ್ಲ, ಒಳಗಿನ ಬಿಸಿಯನ್ನು ಹೊರಗೆ ಹಾಕಿದ ಮೇಲೆ ಉಳಿಯುವುದೇ ತಂಪು. ಹಳೆಯ ಕೋಲ್ಡ್ ಸ್ಟೋರೇಜುಗಳು ಆ ಬಿಸಿಯನ್ನು ಆಕಾಶಕ್ಕೆ ಊದಿ ಕೈ ತೊಳೆದುಕೊಳ್ಳುತ್ತಿದ್ದವು. ಮೇಡಂ ಅದನ್ನು ನೆಲದೊಳಗಿನ ದೊಡ್ಡ ನೀರಿನ ಟ್ಯಾಂಕಿಗೆ ಇಳಿಸಿದರು. ಅಲ್ಲಿಂದ ಕಾಲೊನಿಯ ಪ್ರತಿ ಬಚ್ಚಲಿಗೂ ಕೊಳವೆ. ಜನ ಹಂಡೆಯ ಒಲೆಗೆ ಕಟ್ಟಿಗೆ ತುರುಕುವುದನ್ನು ಬಿಟ್ಟರು, ಆ ಉಳಿದ ಕಟ್ಟಿಗೆಯ ಹೊಗೆ ಗೋದಾಮಿನ ಲೆಕ್ಕಕ್ಕೆ ಜಮೆಯಾಯಿತು. ಬಿಸಿನೀರು ಖರ್ಚಾಗಿ ಟ್ಯಾಂಕಿಗೆ ತಣ್ಣೀರು ಬಂದಷ್ಟೂ ತಂಪು ಮಾಡುವ ಯಂತ್ರಕ್ಕೂ ಕೆಲಸ ಹಗುರ. ಚಳಿಗಾಲದಲ್ಲಿ ಇಂಥ ಸುಖ ಬೇರೆ ಇಲ್ಲ ಎಂದು ನಾವೇ ಊರೆಲ್ಲ ಹೇಳಿಕೊಂಡು ಬಂದೆವು.

ಬೇಸಿಗೆ ಬಂದಾಗ ಗೊತ್ತಾಯಿತು. ಯಾರಿಗೂ ಬಿಸಿನೀರು ಬೇಡ. ಟ್ಯಾಂಕು ಬಿಸಿಯಾಗಿಯೇ ಉಳಿಯುತ್ತದೆ, ಯಂತ್ರ ಏದುಸಿರು ಬಿಡುತ್ತ ಹೊರಗಿನ ಕರೆಂಟನ್ನು ಎಳೆಯುತ್ತದೆ, ಸೊನ್ನೆ ತಪ್ಪುತ್ತದೆ. ಇದು ಮೇಲಿನವರಿಗೆ ಮೊದಲೇ ತಿಳಿದಿರಲಿಲ್ಲ ಎಂದಲ್ಲ. ಎರಡನೆಯ ಟ್ಯಾಂಕು ಕಟ್ಟುತ್ತೇವೆ ಎಂದಿದ್ದರು. ಕಟ್ಟಲಿಲ್ಲ. ಟ್ಯಾಂಕಿನ ಬದಲು ನನಗೆ ಮೈಕು ಕೊಟ್ಟರು.

ಸುಮ್ಮನೆ ನಲ್ಲಿ ತಿರುಗಿಸಿ ಮೋರಿಗೆ ಹರಿಸಿದರೆ ಆಗುವುದಿಲ್ಲವೇ? ಕಾಲೊನಿಯವರಿಗೂ ಅದು ಮೊದಲ ವಾರದಲ್ಲೇ ಹೊಳೆದಿತ್ತು. ಆದರೆ ಬಚ್ಚಲ ಮೋರಿಯಲ್ಲಿ ಒಂದು ಪೆಟ್ಟಿಗೆ ಕೂತಿದೆ. ಹರಿದು ಬಂದ ನೀರಿನಲ್ಲಿ ಸೋಪು, ಮೈಕೊಳೆ ಇದೆಯೇ ಎಂದು ಅದು ನೋಡುತ್ತದೆ, ಇಲ್ಲದಿದ್ದರೆ ಆ ನೀರು ಲೆಕ್ಕಕ್ಕಿಲ್ಲ. ಆಗ ಯಾರೋ ಪುಣ್ಯಾತ್ಮ ಮೋರಿಗೆ ಸೋಪಿನ ಪುಡಿ ಸುರಿದ. ಓಣಿಯ ತುಂಬ ಮೊಣಕಾಲೆತ್ತರ ನೊರೆ ಎದ್ದು ಮಕ್ಕಳಿಗೆ ಎರಡು ದಿನ ಹಬ್ಬವಾಯಿತು. ಮೂರನೆಯ ದಿನಕ್ಕೆ ಪೆಟ್ಟಿಗೆ ಅದನ್ನೂ ಕಲಿಯಿತು. ಈ ವ್ಯವಸ್ಥೆಯ ದೊಡ್ಡ ಗುಣ ಅದೇ, ಏನನ್ನಾದರೂ ಒಮ್ಮೆ ಕಂಡರೆ ಮರೆಯುವುದಿಲ್ಲ.

ಇಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಇವರು ಹೊರುವುದು ಮೆಣಸಿನಕಾಯಿ. ದಿನವಿಡೀ ಹೊತ್ತ ಮೇಲೆ ಕುತ್ತಿಗೆ, ಬೆನ್ನು, ಮೊಣಕೈ ಸಂದಿಯಲ್ಲೆಲ್ಲ ಖಾರದ ಧೂಳು ಕೂತಿರುತ್ತದೆ. ತಣ್ಣೀರು ಸುರಿದುಕೊಂಡು, ಕೊಬ್ಬರಿ ಎಣ್ಣೆ ಸವರಿ, ಮಜ್ಜಿಗೆ ಕುಡಿದು ಮಲಗುವುದು ಹಮಾಲರ ಪದ್ಧತಿ. ಆ ಮೈಗೆ ಬಿಸಿನೀರು ಬಿದ್ದರೆ ಖಾರವೆಲ್ಲ ಒಮ್ಮೆಲೇ ಎದ್ದು ಕೂರುತ್ತದೆ. ಮೊದಲ ಬೇಸಿಗೆಯಲ್ಲಿ ನನ್ನ ಕರೆಯನ್ನು ನಂಬಿ ಸ್ನಾನ ಮಾಡಿದ ಒಬ್ಬ ಹುಡುಗ ಬಚ್ಚಲಿನಿಂದ ಹಾಗೇ ಓಣಿಗೆ ಓಡಿ ಬಂದಿದ್ದ. ಅಂದಿನಿಂದ ಹೆಂಗಸರು, ಮಕ್ಕಳು, ಮುದುಕರು ಸ್ನಾನ ಮಾಡುತ್ತಿದ್ದರು, ಬಟ್ಟೆ-ಪಾತ್ರೆಗಳೂ ಬಿಸಿನೀರಿನಲ್ಲೇ ಆಗುತ್ತಿದ್ದವು. ಹಮಾಲರನ್ನು ಯಾರೂ ಒತ್ತಾಯಿಸುತ್ತಿರಲಿಲ್ಲ. ಹೇಗೋ ಕುಂಟುತ್ತ ಸೊನ್ನೆ ಮುಟ್ಟುತ್ತಿತ್ತು.

ಬೆಂಕಿಯ ವಿಷಯ ಒಂದು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಕಟ್ಟಿಗೆ ಬಿಟ್ಟದ್ದಕ್ಕೆ ತಾನೇ ಜಮೆ? ಹಾಗಾಗಿ ಕಾಲೊನಿಯಲ್ಲಿ ಯಾರೂ ಕಟ್ಟಿಗೆ ಉರಿಸುವಂತಿಲ್ಲ. ಪ್ರತಿ ಸಾಲಿನ ಕಂಬದ ಮೇಲೆ ಹೊಗೆ ಮೂಸುವ ಪೆಟ್ಟಿಗೆ ಇದೆ. ಹೊಗೆ ಸಿಕ್ಕರೆ ಕಂಬದಲ್ಲಿ ಕೆಂಪು ದೀಪ ಹತ್ತಿ, ನನ್ನ ಪರದೆಯ ಮೇಲೆ ಪ್ರಶ್ನೆ ಬರುತ್ತದೆ: ಬೆಂಕಿ ಹೌದೋ ಅಲ್ಲವೋ. ನಾನು ಹೌದು ಒತ್ತಿದ ಮೇಲೆ ಒಂದು ತಾಸಿನೊಳಗೆ ಆರಿಸಿದರೆ ಮಾಫಿ. ಆರದಿದ್ದರೆ ಆ ಸಾಲಿನ ಅಷ್ಟೂ ಮನೆಗಳ ಇಡೀ ತಿಂಗಳ ನೀರು ಲೆಕ್ಕದಿಂದ ಹೊರಗೆ. ಒಂದು ಮನೆ ಹೊತ್ತಿಸಿದ ಒಲೆಯ ಬಿಸಿನೀರನ್ನು ಸಾಲೆಲ್ಲ ಹಂಚಿಕೊಂಡಿರಬಹುದು ಎಂಬ ಅನುಮಾನ ಕಾಯ್ದೆಗೆ.

ಹಿಂದಿನ ವರ್ಷ ಹಮಾಲರ ಮೇಸ್ತ್ರಿ ಮಾಲತೇಶಪ್ಪನ ಮನೆಯಲ್ಲಿ ಹೊಗೆ ಎದ್ದಿತ್ತು. ಸೊಸೆ ಬಾಣಂತಿ. ನಾನು ಹೌದು ಒತ್ತಿದೆ, ಅವನು ಒಂದು ಮಾತೂ ಆಡದೆ ಒಲೆಗೆ ನೀರು ಸುರಿದ. ಆಮೇಲೆ ನನ್ನೊಡನೆ ಅವನ ಮಾತು ಕೆಲಸಕ್ಕೆ ಬೇಕಾದಷ್ಟೇ.

ಈ ವರ್ಷ ನನ್ನ ಮಗಳು ಸುನಂದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆರಿಗೆ ಸುಲಭದ್ದಾಗಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿ ಅವಳ ನರಳಾಟ ಕೇಳುತ್ತ ಬಾಗಿಲಲ್ಲೇ ಕೂತಿದ್ದೆ. ಹೆಣ್ಣು ಕೂಸು, ಅಂಗೈಯಗಲ ಮುಖ. ಮನೆಗೆ ಬಂದ ಮೇಲೆ ಮಗಳಿಗೆ ಸೊಂಟ ನೋವು, ಮೈ ನಡುಕ. ಅಷ್ಟು ಬಿಸಿಲಿನಲ್ಲಿಯೂ ಎರಡು ಕೌದಿ ಹೊದ್ದು ನಡುಗುತ್ತಿದ್ದಳು. ಡಾಕ್ಟರು ಗುಳಿಗೆ ಕೊಟ್ಟು, ನಿಧಾನಕ್ಕೆ ಸರಿಹೋಗುತ್ತದೆ ಎಂದರು.

ಬಾಣಂತಿಗೆ ನೀರು ಹಾಕಲು ನನ್ನ ಹೆಂಡತಿ ಫಕೀರವ್ವ ಹುಸೇನಬಿಯನ್ನು ಕರೆಸಿದಳು. ಈ ಭಾಗದಲ್ಲಿ ಯಾವ ಜಾತಿಯ ಕೂಸೇ ಇರಲಿ, ಹುಸೇನಬಿಯ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಂಡೇ ದೊಡ್ಡದಾಗಬೇಕು. ಅವಳು ಬಚ್ಚಲಿಗೆ ಹೋಗಿ ಗೋದಾಮಿನ ನಲ್ಲಿ ತಿರುಗಿಸಿ, ಕೈಯಿಟ್ಟು ನೋಡಿ ಹೊರಗೆ ಬಂದಳು.

“ನೀರು ಬಿಸಿ ಐತಿ, ಇಲ್ಲ ಅನ್ನಂಗಿಲ್ಲ. ಕೆಂಡ ಎಲ್ಲಿಂದ ತರ್ಲಿ? ನಲ್ಲ್ಯಾಗ ಕೆಂಡ ಬರ್ತೈತೇನು?” ಎಂದಳು.

ಕೆಂಡ ಬೇಕೇ ಬೇಕು ಅವರಿಗೆ. ಮಿಂದ ಮೇಲೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸಿ ಕೆಳಗೆ ಅಗ್ಗಿಷ್ಟಿಗೆ ಇಡಬೇಕು, ಕೂಸಿನ ನೆತ್ತಿಗೆ ಲೋಬಾನದ ಹೊಗೆ ಹಿಡಿಯಬೇಕು. ನಾನು ಇಂಚರಾ ಮೇಡಂ ಕೊಟ್ಟಿದ್ದ ಕರೆಂಟಿನಿಂದ ಬಿಸಿಯಾಗುವ ಹಾಸಿಗೆ ತಂದು ಹಾಸಿದೆ. ಹೊಗೆ ಪುಪ್ಪುಸಕ್ಕೆ ಒಳ್ಳೆಯದಲ್ಲ ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಸುನಂದಾ ಒಂದು ರಾತ್ರಿ ಅದರ ಮೇಲೆ ಮಲಗಿ, ಬೆಳಿಗ್ಗೆ ಮೈಯೆಲ್ಲ ಬೆವರಿ ಇನ್ನಷ್ಟು ನಡುಗಿದಳು.

“ನಿಮ್ಮ ಗೋದಾಮಿನ ಮೆಣಸಿನಕಾಯಿಗೆ ಎಷ್ಟು ಬೇಕೋ ಅಷ್ಟು ತಂಪು ಕೊಡ್ತೀರಿ. ನನ್ನ ಮಗಳಿಗೆ ಒಂದು ಬುಟ್ಟಿ ಕೆಂಡ ಕೊಡಾಕ ಆಗೂದಿಲ್ಲ?” ಎಂದು ಫಕೀರವ್ವ ಕೇಳಿದಳು.

“ಬೆಂಕಿ ಹಚ್ಚಿದ್ರ ನಮ್ಮ ಸಾಲೆಲ್ಲಾ ಹೋಗ್ತೈತಿ. ಸಾಲು ಹೋದ್ರ ಬಾಗಿಲ ಬೀಳ್ತೈತಿ. ನಮ್ಮೊಬ್ಬರ ಮನಿ ಪ್ರಶ್ನೆ ಅಲ್ಲಿದು.”

“ಮಾಲತೇಶಪ್ಪನ ಸೊಸಿ ಇವತ್ತಿಗೂ ನಡ ಹಿಡಕೊಂಡು ಅಡ್ಡಾಡ್ತಾಳ. ನೋಡೀರೇನು?”

ನೋಡಿದ್ದೆ. ಆ ನೋವಿಗೆ ಕೆಂಡವಿಲ್ಲದ್ದೇ ಕಾರಣವೋ ಇನ್ನೇನೋ, ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿರಲಿಲ್ಲ. ಒಳಗಿನಿಂದ ಸುನಂದಾ, “ಬ್ಯಾಡ ಬಿಡವ್ವಾ. ಅಪ್ಪನ ಕೆಲಸ ಹೋದೀತು” ಎಂದಳು. ನಾನು ಊಟ ಬಿಟ್ಟು ಕೆಲಸಕ್ಕೆ ಹೋದೆ.

ಕಂಟ್ರೋಲ್ ರೂಮಿನಲ್ಲಿ ಇಂಚರಾ ಮೇಡಂ ಪರದೆಯ ಮುಂದೆ ಕೂತು ಕುತ್ತಿಗೆ ತುರಿಸಿಕೊಳ್ಳುತ್ತಿದ್ದರು. ಜನರಿಗೆ ಮೇಲ್ಪಂಕ್ತಿಯಾಗಲಿ ಎಂದು ಅವರೂ ದಿನ ಮಧ್ಯಾಹ್ನ ಬಿಸಿನೀರು ಮೀಯುತ್ತಿದ್ದರು, ಮೈಯೆಲ್ಲ ಬೆವರುಸಾಲೆ ಎದ್ದಿತ್ತು.

“ಈ ತಿಂಗಳು ತುಂಬಾ ಕಷ್ಟ ಇದೆ ಗದಿಗೆಪ್ಪನವರೇ. ಜಮೆ ಸೊನ್ನೆಗಿಂತ ಕೂದಲೆಳೆಯಷ್ಟು ಹೆಚ್ಚಿದೆ, ಅಷ್ಟೇ. ಒಂದು ಸಣ್ಣದು ಎಡವಟ್ಟಾದ್ರೂ ಹೋಯ್ತು” ಎಂದರು.

“ಎರಡನೇ ಟ್ಯಾಂಕು ಏನಾತ್ರಿ ಮೇಡಂ?”

“ಬರೆದಿದ್ದೀನಿ. ಬರೀತಾನೇ ಇದ್ದೀನಿ.” ಅವರು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದರು. “ಈ ಗೋದಾಮು ತೋರಿಸಿ ನನಗೆ ಬಹುಮಾನ ಕೊಟ್ರು, ಗೊತ್ತಾ? ಫೋಟೋ ತೆಗೆದಿದ್ದು ಡಿಸೆಂಬರ್‌ನಲ್ಲಿ.”

ಅದೇ ಹೊತ್ತಿಗೆ ಪರದೆಯ ಮೂಲೆಯಲ್ಲಿ ಕೆಂಪು ಚೌಕ ಮಿಣುಕಿತು. ನಾಲ್ಕನೆಯ ಸಾಲು. ಹಿಗ್ಗಿಸಿ ನೋಡುವ ಅಗತ್ಯವಿರಲಿಲ್ಲ. ನಾನು ಮನೆಯಿಂದ ಹೊರಬಿದ್ದ ಕೂಡಲೇ ನಮ್ಮ ಹಿತ್ತಲಲ್ಲಿ ಮೂರು ಕಲ್ಲು ಹೂಡಿದ್ದಾರೆ ಎಂದು ತಿಳಿಯಿತು. ಪರದೆಯಲ್ಲಿ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು, ಗಾಳಿಯೂ ಇರಲಿಲ್ಲ ಅದನ್ನು ಚದುರಿಸಲು. ಬೆಂಕಿ ಹೌದೋ ಅಲ್ಲವೋ?

“ಅದು ನಿಮ್ಮ ಸಾಲಲ್ವಾ?” ಎಂದರು ಮೇಡಂ.

“ನಮ್ಮ ಮನೀನೇ ರೀ.”

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಚಹಾ ಲೋಟ ತೆಗೆದುಕೊಂಡು ಕಿಟಕಿಯ ಕಡೆ ತಿರುಗಿ ನಿಂತರು. “ನಾನೇನೂ ನೋಡಿಲ್ಲ” ಎಂದರು.

ಅಲ್ಲ ಎಂದು ಒತ್ತಬಹುದಿತ್ತು. ಯಾರೋ ಕಸ ಸುಟ್ಟರು, ಒಗ್ಗರಣೆ ಹೊತ್ತಿತು, ಏನಾದರೂ ಬರೆಯಬಹುದಿತ್ತು. ಬೆರಳು ಅಲ್ಲಿಗೇ ಹೋಯಿತು ಕೂಡ. ಆದರೆ ಕಣ್ಣ ಮುಂದೆ ಬಂದದ್ದು ಒಲೆಗೆ ನೀರು ಸುರಿದು ಮಾತಾಡದೆ ನಿಂತ ಮಾಲತೇಶಪ್ಪ. ಅವನ ಮನೆಗೆ ಹೌದು, ನನ್ನ ಮನೆಗೆ ಅಲ್ಲ ಎಂದರೆ ನಾಳೆ ಓಣಿಯಲ್ಲಿ ಯಾವ ಮುಖ ಹೊತ್ತು ನಡೆಯಲಿ? ಹೌದು ಒತ್ತಿದೆ. ಒತ್ತಿದ್ದಕ್ಕೆ ಹೆಂಡತಿಯ ಮೇಲೆ ಸಿಟ್ಟು ಬಂತು, ನನ್ನ ಮೇಲೂ ಬಂತು, ನಡುವೆ ಬಾಯಿ ಬಾರದ ಆ ಕಾಯ್ದೆಯ ಮೇಲೂ ಬಂತು.

ಮನೆಗೆ ಫೋನ್ ಮಾಡಿದೆ. “ಆರಿಸು. ಒಂದು ತಾಸು ಟೈಮ್ ಐತಿ” ಎಂದೆ.

“ಆರಿಸಂಗಿಲ್ಲ” ಎಂದಳು ಫಕೀರವ್ವ. ಹಿಂದಿನಿಂದ ನೀರು ಬೀಳುವ ಸದ್ದು, ಕೂಸಿನ ಅಳು, ಹುಸೇನಬಿಯ ಜೋಗುಳ ಎಲ್ಲವೂ ಒಟ್ಟಿಗೇ ಕೇಳಿಸಿದವು. “ಸುನಂದಾ ಹೊರಸಿನ ಮ್ಯಾಲ ಮಲಗ್ಯಾಳ. ನಡುಗೂದು ನಿಂತೈತಿ. ನಿದ್ದಿ ಹತ್ತೈತಿ ನೋಡ್ರಿ ಅಕಿಗೆ, ಎಷ್ಟು ದಿನದ ಮ್ಯಾಲ. ನೀವ ಬಂದು ನೀರು ಸುರೀರಿ, ನನ್ನ ಕೈಲಿ ಆಗೂದಿಲ್ಲ.”

ನಾನು ಹೋಗಲಿಲ್ಲ. ಕುರ್ಚಿಯಲ್ಲೇ ಕೂತೆ. ತಾಸು ಮುಗಿಯಿತು. ನಾಲ್ಕನೆಯ ಸಾಲಿನ ಮನೆಗಳೆಲ್ಲ ಪರದೆಯ ಮೇಲೆ ಬೂದು ಬಣ್ಣಕ್ಕೆ ತಿರುಗಿದವು, ಕೆಳಗಿನ ಅಂಕಿ ಕೆಂಪಾಗಿ ಹಿಂದಕ್ಕೆ ಬಿತ್ತು. ತಿಂಗಳು ಮುಗಿಯಲು ಒಂದು ವಾರದ ಮೇಲೆ ಒಂದು ದಿನ ಬಾಕಿ.

ಮೇಡಂ ಲೆಕ್ಕ ಹಾಕಿದರು. “ಬೂದು ಸಾಲು ಬಿಟ್ಟು ಉಳಿದೋರು ಈಗಿನ ಒಂದೂವರೆ ಪಟ್ಟು ಬಿಸಿನೀರು ಬಳಸಬೇಕು, ಪ್ರತಿ ದಿನ. ಹೆಂಗಸರು ಮಕ್ಕಳಿಂದ ಆಗಲ್ಲ.” ಹಮಾಲರು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ನನಗೂ ಕೇಳುವ ಧೈರ್ಯವಿರಲಿಲ್ಲ. ಯಾವ ಬಾಯಿಂದ ಕೇಳಬೇಕು?

ಮಧ್ಯಾಹ್ನ ಊಟದ ಹೊತ್ತಿಗೆ ಮಾಲತೇಶಪ್ಪನೇ ಬಂದ. ಕಂಬದ ಕೆಂಪು ದೀಪ ಎಲ್ಲರಿಗೂ ಕಾಣುತ್ತದಲ್ಲ. ಹೆಗಲ ಮೇಲಿನ ಗೋಣಿ ತೆಗೆಯದೆ ಬಾಗಿಲಲ್ಲೇ ನಿಂತ. ಅವನ ಮೈಯ ಘಾಟಿಗೆ ಮೇಡಂ ಎರಡು ಸಲ ಸೀನಿದರು. ಬೈಯಲು ಬಂದಿದ್ದಾನೆ, ಬೈಯಲಿ ಎಂದುಕೊಂಡೆ.

“ಗದಿಗೆಪ್ಪಣ್ಣಾ, ದೀಪ ನಿಮ್ಮ ಸಾಲಿಂದು?”

“ಹೌದಪ್ಪಾ.”

“ಹೌದು ಅಂತ ನೀನ ಒತ್ತಿದಿ?”

“ನಾನ ಒತ್ತೀನಿ.”

ಅವನು ಗೋಣಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. “ಕೂಸು ಹ್ಯಾಂಗೈತಿ?”

“ಚಲೋ ಐತಿ. ಮಗಳಿಗೆ ಇವತ್ತ ನಿದ್ದಿ ಹತ್ತಿದ್ದು.”

“ನಾ ಅವತ್ತು ಆರಿಸಿದೆ” ಎಂದ ಮಾಲತೇಶಪ್ಪ. “ಆರಿಸಬಾರದಿತ್ತು. ನನ್ನ ಸೊಸಿ ನಡ ಹಿಡಕೊಂಡಾಗೆಲ್ಲಾ ನನಗ ಅದ ನೆನಪಾಗ್ತೈತಿ. ಇನ್ನೊಂದು ಮನ್ಯಾಗ ಅದು ಆಗೂದು ಬ್ಯಾಡ.” ಮೇಡಂ ಕಡೆ ತಿರುಗಿ, “ಎಷ್ಟು ನೀರು ಬೇಕ್ರಿ ಬಾಯಾರ, ನಿಮ್ಮ ಸೊನ್ನಿಗೆ?” ಎಂದು ಕೇಳಿದ.

ಮೇಡಂ ಹೇಳಿದರು. ಅವನು ಬೆರಳು ಮಡಚಿ ಎಣಿಸುವ ಗೋಜಿಗೂ ಹೋಗಲಿಲ್ಲ. “ಅಂದ್ರ ನಾವು ಮೀಯಬೇಕು” ಎಂದ, “ಆಗ್ಲಿ. ಕೆಂಡ ಆರದಂಗ ನೋಡ್ಕೋ ಅಂತ ನಿನ್ನ ಹೇಣ್ತಿಗೆ ಹೇಳು.”

ಎಲ್ಲರೂ ಅವನಷ್ಟು ಸುಲಭಕ್ಕೆ ಒಪ್ಪಲಿಲ್ಲ. ನಮ್ಮ ಸಾಲಿನ ನೆರೆಯವಳು ಬಾಗಿಲಿಗೆ ಬಂದು, ತಿಂಗಳಿಡೀ ತಾನು ಮಿಂದದ್ದೆಲ್ಲ ನೀರುಪಾಲಾಯಿತು ಎಂದು ಫಕೀರವ್ವನಿಗೆ ಕೇಳುವಂತೆ ಕೂಗಾಡಿದಳು. ನಾಲ್ಕು ಜನ ಹಮಾಲರು, ಗದಿಗೆಪ್ಪನ ಮಗಳ ಸಲುವಾಗಿ ನಾವ್ಯಾಕೆ ಮೈ ಸುಟ್ಟುಕೊಳ್ಳಬೇಕು ಎಂದು ಕೇಳಿದರಂತೆ. ಅವರಿಗೆ ಮಾಲತೇಶಪ್ಪ ಏನು ಹೇಳಿದನೋ ನನಗೆ ತಿಳಿಯದು. ಸಂಜೆ ಕೆಲಸ ಬಿಟ್ಟ ಮೇಲೆ ಅವನೇ ಮೊದಲು ಮಿಂದ. ಬಚ್ಚಲಿಗೆ ಹೋಗದೆ, ಎಲ್ಲರಿಗೂ ಕಾಣಲೆಂದು ಮನೆಯ ಮುಂದಿನ ಕಲ್ಲಿನ ಮೇಲೆ ಕೂತು ಹೆಂಡತಿಯ ಕೈಯಲ್ಲಿ ನೀರು ಹಾಕಿಸಿಕೊಂಡ. ಅಲ್ಲಿಂದ ಹರಿದದ್ದೂ ಅದೇ ಮೋರಿಗೆ.

ನಾನು ಪಾಳಿ ಮುಗಿಸಿ ಆ ಓಣಿಯಿಂದಲೇ ಬರಬೇಕಿತ್ತು. ಮೊದಲ ಚರಿಗೆ ಬೆನ್ನಿಗೆ ಬಿದ್ದಾಗ ಅವನ ಹಲ್ಲು ಕಚ್ಚಿದ ಸದ್ದು ಕೇಳಿಸಿತು. ಎರಡನೆಯದಕ್ಕೆ ಬೆನ್ನು ಕೆಂಪಾಯಿತು. ಮೂರನೆಯದಕ್ಕೆ ಅವನ ಕಣ್ಣಲ್ಲಿ ನೀರು ಇಳಿಯಿತು. “ಹಾಕು, ನಿಲ್ಲಿಸಬ್ಯಾಡ” ಎಂದು ಹೆಂಡತಿಗೆ ಹೇಳಿದ. ಅವಳು ಅಳುತ್ತ ಹಾಕಿದಳು. ಸುತ್ತ ನಿಂತಿದ್ದ ಹುಡುಗರು ನಗಲು ಶುರು ಮಾಡಿ ನಡುವೆಯೇ ನಿಲ್ಲಿಸಿದರು. ಆಮೇಲೆ ಒಬ್ಬೊಬ್ಬರಾಗಿ ಅಂಗಿ ಬಿಚ್ಚಿದರು.

ಎಂಟು ದಿನವೂ ಅದೇ. ಸಂಜೆಯಾದರೆ ಕಾಲೊನಿಯ ತುಂಬ ಬಿಸಿನೀರಿನ ಹಬೆ, ಖಾರದ ಘಾಟು, ಕೆಮ್ಮು, ಬೈಗುಳ. ಗೋದಾಮನ್ನು ಬೈದರು, ಸರ್ಕಾರವನ್ನು ಬೈದರು, ಸೂರ್ಯನನ್ನೂ ಬಿಡಲಿಲ್ಲ. ನನ್ನನ್ನು ನನ್ನೆದುರಿಗೇ ಬೈದರು, ಅದು ಎಷ್ಟೋ ಸಮಾಧಾನವಾಗಿತ್ತು. ಬೈಯುತ್ತಲೇ ನೀರು ಸುರಿದುಕೊಂಡರು. ಹೆಂಗಸರು ದಿನಕ್ಕೆರಡು ಬಾರಿ ಮಿಂದು ತಲೆ ಒಣಗದೆ ಶೀತ ಹಿಡಿಸಿಕೊಂಡರು. ರಾತ್ರಿ ಅಂಗಳದಲ್ಲಿ ಚಾಪೆ ಹಾಸಿ ಮಲಗಿದ ಗಂಡಸರು ಉರಿ ತಾಳದೆ ಹೊರಳುವುದು ಕೇಳಿಸುತ್ತಿತ್ತು. ನಮ್ಮ ಸಾಲಿನವರೂ ಮಿಂದರು. ನಿಮ್ಮದು ಲೆಕ್ಕಕ್ಕಿಲ್ಲ ಎಂದು ನಾನು ಹೇಳಿದಾಗ, ಬಾಗಿಲಲ್ಲಿ ಕೂಗಾಡಿದ್ದ ಅದೇ ನೆರೆಯವಳು, “ಲೆಕ್ಕಕ್ಕ ಇಲ್ಲಂದ್ರ ಇಲ್ಲ. ಟಾಕಿಯಾರ ತಣ್ಣಗಾಗ್ಲಿ” ಎಂದಳು. ಆ ದಿನಗಳಲ್ಲಿ ನಾನು ಮೈಕು ಮುಟ್ಟಲಿಲ್ಲ.

ಅತ್ತ ನನ್ನ ಮನೆಯ ಹಿತ್ತಲಲ್ಲಿ ದಿನಾ ಬೆಳಿಗ್ಗೆ ಹೊಗೆ ಏಳುತ್ತಿತ್ತು, ಕಂಬದ ದೀಪ ಕೆಂಪಾಗಿಯೇ ಇರುತ್ತಿತ್ತು. ಒಮ್ಮೆ ಹೋದ ಸಾಲು ಎರಡನೆಯ ಸಲ ಹೋಗುವುದಿಲ್ಲವಲ್ಲ. ಸುನಂದಾ ಗಂಜಿ ಬಿಟ್ಟು ರೊಟ್ಟಿ ಕೇಳಿದಳು. ಕೂಸು ಲೋಬಾನದ ಹೊಗೆಗೆ ಮೂಗು ಅರಳಿಸಿ ನಿದ್ದೆ ಹೋಗುತ್ತಿತ್ತು. ಹೊರಗೆ ಇಷ್ಟು ಜನ ಉರಿಯಲ್ಲಿ ಬೇಯುತ್ತಿದ್ದಾರೆ, ಒಳಗೆ ಇದೊಂದು ನೆಮ್ಮದಿಯಾಗಿ ಉಸಿರಾಡುತ್ತಿದೆ. ನನಗೆ ನಾಚಿಕೆಯೂ ಆಗುತ್ತಿತ್ತು, ಸಂತೋಷವೂ ಆಗುತ್ತಿತ್ತು, ಎರಡನ್ನೂ ಯಾರಿಗೂ ಹೇಳಲಾಗುತ್ತಿರಲಿಲ್ಲ.

ತಿಂಗಳ ಕೊನೆಯ ಸಂಜೆ ಅಂಕಿ ನಿಧಾನಕ್ಕೆ ಮೇಲೇರಿ, ಕೆಂಪು ಕಳೆದು, ಸೊನ್ನೆ ಮುಟ್ಟಿತು. ಬಾಗಿಲ ಬೀಗಗಳು ಅಲುಗಲಿಲ್ಲ. ಮೇಡಂ ಮೇಜಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ನಾನು ಕಾಲೊನಿಗೆ ಹೋಗಿ ಹೇಳಿದೆ. ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಮಾಲತೇಶಪ್ಪ ಒಂದು ಬಕೆಟ್ ತಣ್ಣೀರು ತರಿಸಿ ತಲೆಯ ಮೇಲೆ ಸುರಿದುಕೊಂಡ, ಅಷ್ಟೇ.

ಮರುದಿನ ಬೆಳಿಗ್ಗೆ ಕಂಟ್ರೋಲ್ ರೂಮಿಗೆ ಕಾಲಿಟ್ಟಾಗ ಮೇಡಂ ಮುಖ ನೋಡಿಯೇ ಏನೋ ಕೆಟ್ಟಿದೆ ಎಂದು ತಿಳಿಯಿತು.

“ಅದು ಕಲಿತುಬಿಟ್ಟಿದೆ ಗದಿಗೆಪ್ಪನವರೇ” ಎಂದರು.

ಪರದೆಯಲ್ಲಿ ಮೇ ತಿಂಗಳ ಗುರಿ ಮೂಡಿತ್ತು. ಈ ಕಾಲೊನಿ ಬೇಸಿಗೆಯಲ್ಲೂ ಇಷ್ಟು ಬಿಸಿನೀರು ಬಳಸಬಲ್ಲದು ಎಂದು ವ್ಯವಸ್ಥೆ ಕಂಡುಕೊಂಡಿತ್ತು. ಆದ್ದರಿಂದ ಇನ್ನು ಮುಂದೆ ಪ್ರತಿ ತಿಂಗಳೂ, ಪ್ರತಿ ದಿನವೂ ಅಷ್ಟು ಬಳಸಬೇಕು, ಅದಕ್ಕೆ ತಕ್ಕಂತೆ ಇನ್ನಷ್ಟು ಚೀಲಗಳಿಗೆ ಒಪ್ಪಿಗೆಯನ್ನೂ ಕೊಟ್ಟಿತ್ತು. ಆ ಎಂಟು ಸಂಜೆಗಳ ಬೆನ್ನು, ಹಲ್ಲು, ಕಣ್ಣೀರು ಅದಕ್ಕೆ ಕಾಣಿಸಿರಲಿಲ್ಲ, ಮೋರಿಯಲ್ಲಿ ಹರಿದ ನೀರು ಮಾತ್ರ ಕಾಣಿಸಿತ್ತು. ಇದನ್ನು ಮಾಲತೇಶಪ್ಪನಿಗೆ ಹೇಳುವುದಕ್ಕಿಂತ ಕೆಲಸ ಬಿಟ್ಟು ಹೋಗುವುದು ಸುಲಭ ಎನ್ನಿಸಿತು.

“ತೆಗೀರಿ ಮೇಡಂ ಅದನ್ನ. ಜನ ಸಾಯ್ತಾರ.”

“ತೆಗೀಬಹುದು. ಆ ಎಂಟು ದಿನ ಸಾಮಾನ್ಯ ದಿನ ಅಲ್ಲ ಅಂತ ಹೇಳಬೇಕು, ಕಾರಣ ಕೊಡಬೇಕು.” ಅವರು ಕಾರಣಗಳನ್ನು ತೆರೆದರು. ಕೊಳವೆ ಒಡೆದದ್ದು. ನೆರೆ. ಸಾಂಕ್ರಾಮಿಕ ರೋಗ. ಹಬ್ಬ. “ಬಾಣಂತನ ಇಲ್ಲ. ಈ ಕಾರಣಗಳನ್ನೆಲ್ಲ ಕೂತು ಬರೆದೋಳು ನಾನೇ. ನನಗೆ ಹೊಳೀಲೇ ಇಲ್ಲ.” ಸ್ವಲ್ಪ ಯೋಚಿಸಿ ಅವರು ಹಬ್ಬವನ್ನು ಒತ್ತಿದರು. ದೀಪಾವಳಿಯ ಎಣ್ಣೆಸ್ನಾನಕ್ಕೆಂದು ಇಟ್ಟಿದ್ದ ಕಾರಣ ಅದು. ಯಂತ್ರ ಹಬ್ಬದ ಹೆಸರು ಕೇಳಿತು.

“ಬಾಣಂತಿ ನೀರು ಅಂತ ಹಾಕ್ರಿ” ಎಂದೆ.

ಹಾಕಿದರು. ಯಂತ್ರ ಮತ್ತೆ ಕೇಳಿತು, ಈ ಹಬ್ಬ ಪ್ರತಿ ವರ್ಷ ಬರುತ್ತದೆಯೇ?

“ಇಲ್ಲ ಅಂದ್ರೆ ಇದು ಹಬ್ಬಾನೇ ಅಲ್ಲ ಅನ್ನುತ್ತೆ. ಹೌದು ಅಂದ್ರೆ ಮೇ ತಿಂಗಳು ಹಳೇ ಲೆಕ್ಕಕ್ಕೆ ಬರುತ್ತೆ, ಆದ್ರೆ ಪ್ರತಿ ಏಪ್ರಿಲ್ ಕೊನೇ ವಾರ ಇಷ್ಟು ನೀರು ಕೇಳುತ್ತೆ. ಏನು ಮಾಡಲಿ?”

ವರ್ಷವಿಡೀ ಸುಡುವುದೋ ವರ್ಷಕ್ಕೊಂದು ವಾರ ಸುಡುವುದೋ. ಇದಕ್ಕೆ ಯಾರನ್ನು ಕೇಳುವುದು? “ಹೌದು ಅನ್ರಿ” ಎಂದೆ.

“ಮುಂದಿನ ಏಪ್ರಿಲ್‌ ಒಳಗೆ ಇದನ್ನ ಸರಿ ಮಾಡ್ತೀನಿ” ಎಂದರು ಮೇಡಂ. ಮನಸ್ಸಿನಿಂದಲೇ ಹೇಳಿದರು. ಅರ್ಧ ಸರಿ ಮಾಡಿದರು ಕೂಡ. ಓಡಾಡಿ, ಜಗಳವಾಡಿ, ಬಾಣಂತಿ ಇರುವ ಮನೆಯ ಬೆಂಕಿಗೆ ಮಾಫಿ ಬರೆಸಿದರು. ಇನ್ನರ್ಧ ಮಾಡುವ ಮೊದಲೇ ಅವರನ್ನು ಇನ್ನೊಂದು ಗೋದಾಮು ಕಟ್ಟಲು ಯಾವುದೋ ಊರಿಗೆ ಕಳಿಸಿದರು. ಅವರ ಜಾಗಕ್ಕೆ ಬಂದವರಿಗೆ ವ್ಯವಸ್ಥೆಯಲ್ಲಿದ್ದ ಹಬ್ಬವನ್ನು ತೆಗೆಯಲು ಧೈರ್ಯವಾಗಲಿಲ್ಲ. ಜನರ ಭಾವನೆಯ ಪ್ರಶ್ನೆ, ಸುಮ್ಮನಿರಿ ಎಂದರಂತೆ.

ಇದೆಲ್ಲ ಆಗಿ ಏಳು ವರ್ಷ. ನಾನು ನಿವೃತ್ತನಾಗಿದ್ದೇನೆ, ಮನೆ ಮಾತ್ರ ಅದೇ. ಎರಡನೆಯ ಟ್ಯಾಂಕು ಇನ್ನೂ ಬಂದಿಲ್ಲ. ಹುಸೇನಬಿ ತೀರಿಕೊಂಡಳು, ಈಗ ಮಾಲತೇಶಪ್ಪನ ಸೊಸೆಯೇ ಓಣಿಯ ಬಾಣಂತಿಯರಿಗೆ ನೀರು ಹಾಕುತ್ತಾಳೆ, ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ. ಹೊಸದಾಗಿ ಬಂದ ಹಮಾಲರು ಬಾಣಂತಿ ನೀರಿನ ಹಬ್ಬ ತಲೆತಲಾಂತರದ್ದು ಎಂದುಕೊಂಡಿದ್ದಾರೆ. ಮೊದಲ ದಿನ ಹೋಳಿಗೆ ಮಾಡುತ್ತಾರೆ, ಬಾಣಂತಿ ಇರುವ ಮನೆಗೆ ಮೊದಲ ಬಿಂದಿಗೆ ಕೊಟ್ಟು ಬರುತ್ತಾರೆ. ಮಿಂದರೆ ಖಾರದ ದೋಷ ಹೋಗುತ್ತದೆ ಎಂಬ ಮಾತೂ ಹುಟ್ಟಿದೆ. ಅವರಿಗೆ ತಿಳಿಸಿ ಹೇಳೋಣ ಎಂದು ಒಂದೆರಡು ವರ್ಷ ಪ್ರಯತ್ನಪಟ್ಟೆ. ಸಾಕಾಯಿತು.

ಮೊಮ್ಮಗಳಿಗೆ ಶಾಂಭವಿ ಎಂದು ಹೆಸರಿಟ್ಟಿದ್ದೇವೆ. ಕಾಲೊನಿಯಲ್ಲಿ ಒಬ್ಬರೂ ಹಾಗೆ ಕರೆಯುವುದಿಲ್ಲ, ಎಲ್ಲರಿಗೂ ಅವಳು ಸೊನ್ನವ್ವ. ಶಾಲೆಗೆ ರಜೆ ಬಿಟ್ಟ ಕೂಡಲೇ ಬರುತ್ತಾಳೆ. ನಿನ್ನೆ ಸಂಜೆ ಕಂಬದ ಮೈಕಿನಲ್ಲಿ ಯಾವುದೋ ಹೊಸ ಹುಡುಗನ ದನಿ ಬಾಣಂತಿ ನೀರಿನ ಹಬ್ಬದ ಶುಭಾಶಯ ಹೇಳಿತು. ಎದುರು ಸಾಲಿನ ಕಲ್ಲಿನ ಮೇಲೆ ಮಾಲತೇಶಪ್ಪ ಬಂದು ಕೂತ. ಈಗ ಅವನು ಚೀಲ ಹೊರುವುದಿಲ್ಲ, ಆದರೂ ಮೊದಲ ನೀರು ಅವನದೇ. ನಾನೂ ಅಂಗಿ ಬಿಚ್ಚಿ ನಮ್ಮ ಕಲ್ಲಿನ ಮೇಲೆ ಕೂತೆ. ಸೊನ್ನವ್ವ ಎರಡೂ ಕೈಯಲ್ಲಿ ಚರಿಗೆ ಹಿಡಿದು ಹಿಂದೆ ನಿಂತಳು.

“ಅಜ್ಜಾ, ಈ ಹಬ್ಬ ಯಾವ ದೇವರದು?” ಎಂದು ಕೇಳಿದಳು.

ಹೇಳಬೇಕೆಂದರೆ ಎಲ್ಲಿಂದಲೋ ಶುರು ಮಾಡಬೇಕು. ಟ್ಯಾಂಕಿನಿಂದ, ಕೆಂಡದಿಂದ, ಎದುರಿಗೆ ಹಲ್ಲು ಕಚ್ಚಿ ಕೂತಿರುವ ಆ ಮುದುಕನ ಬೆನ್ನಿನಿಂದ. ದಣಿವಾಗಿತ್ತು.

“ಮದ್ಲ ನೀರು ಹಾಕವ್ವಾ” ಎಂದೆ.

ಹಾಕಿದಳು. ನನ್ನ ಬೆನ್ನು ಸೆಟೆದದ್ದು ಕಂಡು ಗಾಬರಿಯಾಗಿ, “ಸುಡತೈತೇನ ಅಜ್ಜಾ?” ಎಂದಳು.

“ಸುಡತೈತಿ” ಎಂದೆ. “ಇನ್ನೊಂದು ಚರಿಗಿ ಹಾಕು.”